ನಾಣಿ ನೋಡಿದ ಆಸ್ಟ್ರೇಲಿಯಾ

ನಾಣಿ ಒಂದು ರೈಸ್ ಕುಕ್ಕರ್ ಕೊಳ್ಳಲು ಇಡೀ ಬೇಸಿಗೆ ತೆಗೆದುಕೊಂಡ ಮನುಷ್ಯ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನಂಬುವುದು ಸುಲಭ. ಅಂಗಡಿಗೆ ಹೋಗಿ ಕುಕ್ಕರನ್ನು ಎತ್ತಿ ನೋಡುತ್ತಿದ್ದ, ಮುಚ್ಚಳ ತೆಗೆದು ಹಾಕುತ್ತಿದ್ದ, ಮನೆಗೆ ಬರಿಗೈಯಲ್ಲಿ ಬಂದು ಅದೇ ಕುಕ್ಕರ್ ಕೆಟ್ಟುಹೋಯಿತೆಂದು ಬೈದವರ ಮಾತುಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಓದುತ್ತಿದ್ದ. ಹೊಗಳಿದವರನ್ನು ಓದುತ್ತಿರಲಿಲ್ಲ. ಹೊಗಳುವವನಿಗೆ ಏನು ಗೊತ್ತಿರುತ್ತದೆ, ಕೆಟ್ಟ ಮೇಲೆ ತಾನೇ ವಸ್ತುವಿನ ಗುಣ ಗೊತ್ತಾಗುವುದು ಎಂಬುದು ಅವನ ವಾದ. ಅಷ್ಟು ದಿನವೂ ಅವನ ಹೆಂಡತಿ ವಸಂತಲಕ್ಷ್ಮಿ ಪಾತ್ರೆಯಲ್ಲಿ ಅನ್ನ ಬಸಿದಳು.

ಅವನ ಕಸುಬೂ ಹಾಗೇ ಇತ್ತು. ಅಮೆರಿಕಾದ ಸಿಯಾಟಲ್ ನಗರದ ಡೆನ್ನಿ ಟ್ರಯಾಂಗಲ್‌ನಲ್ಲಿ ಒಂದು ಗಾಜಿನ ಕಟ್ಟಡದಲ್ಲಿ ಅವನು ಟೆಸ್ಟರ್ ಆಗಿದ್ದ. ಬೇರೆಯವರು ಬರೆದ ಸಾಫ್ಟ್‌ವೇರ್ ಎಲ್ಲಿ ಮುರಿದು ಬೀಳುತ್ತದೆ ಎಂದು ಹುಡುಕಿ ತೋರಿಸುವುದೇ ಕೆಲಸ. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಾವಿಬ್ಬರೂ ಸರೋವರದಾಚೆಯ ದಡದಲ್ಲಿನ ಈಸ್ಟ್‌ಗೇಟ್‌ನ ಒಂದೇ ಅಪಾರ್ಟ್‌ಮೆಂಟಿನವರು, ಒಂದೇ ಬಸ್ಸಿನವರು. ಸರೋವರದ ಮೇಲಿನ ಸೇತುವೆ ದಾಟುವಾಗ ನಾನು ನೀರು ನೋಡುತ್ತಿದ್ದರೆ ಅವನು ಸೇತುವೆಯ ಜಾಯಿಂಟುಗಳನ್ನು ನೋಡುತ್ತಿದ್ದ. ಇಂಥವನ ಜೊತೆ ವರ್ಷಗಟ್ಟಲೆ ಓಡಾಡಿ ನನಗೆ ಸಿಟ್ಟೂ ಬರುತ್ತಿತ್ತು, ಅವನು ರಜೆ ಹಾಕಿದ ದಿನ ಬೇಸರವೂ ಆಗುತ್ತಿತ್ತು.

ವಸಂತಲಕ್ಷ್ಮಿಯ ವಿಷಯ ಬೇರೆ. ಮೈಸೂರಿನ ದೊಡ್ಡ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದವಳು ಅವಳು. ಅವಳು ನೋಡಿ ಸರಿ ಎಂದ ಮೇಲೆ ಡಾಕ್ಟರುಗಳು ಎರಡನೇ ಸಲ ಕೇಳುತ್ತಿರಲಿಲ್ಲವಂತೆ. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದ ಹೆಂಡತಿ ಕಾರು ಓಡಿಸಬಹುದು, ಓದಬಹುದು, ದೇವಸ್ಥಾನದಲ್ಲಿ ಪ್ರಸಾದ ಬಡಿಸಬಹುದು. ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಆಗಿನ ಕಾನೂನು ಹಾಗಿತ್ತು. ಗ್ರೀನ್ ಕಾರ್ಡ್ ಬಂದರೆ ಆ ಕಟ್ಟು ಬಿಡುತ್ತದೆ, ಆದರೆ ನಮ್ಮ ದೇಶದವರ ಸಾಲು ಎಷ್ಟು ಉದ್ದವೆಂದರೆ ಅದು ಬರುವ ಹೊತ್ತಿಗೆ ಮಗಳು ಮೈತ್ರಿಯ ಮದುವೆ ಆಗಿರುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಮೈತ್ರಿಗೆ ಆಗ ಇನ್ನೂ ಹಾಲುಹಲ್ಲು ಬೀಳುತ್ತಿತ್ತು.

ಒಮ್ಮೆ ಮೈತ್ರಿಗೆ ಜ್ವರ ಬಿಡಲಿಲ್ಲ. ನಾಣಿ ಊರಲ್ಲಿರಲಿಲ್ಲ, ನಾನೇ ಅವರನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ರಕ್ತ ತೆಗೆದದ್ದಾಯಿತು, ಮಗುವಿನ ಅಳು ನಿಂತಿತು, ಹೊರಡಿ ಎಂದರೂ ವಸಂತಲಕ್ಷ್ಮಿ ಕುರ್ಚಿ ಬಿಟ್ಟು ಏಳಲಿಲ್ಲ. ಅರ್ಧ ತೆರೆದ ಬಾಗಿಲಿನಾಚೆ ಒಬ್ಬಳು ಹುಡುಗಿ ಟ್ಯೂಬುಗಳನ್ನು ಜೋಡಿಸುತ್ತಿದ್ದಳು. ಇವಳು ಅವಳ ಕೈಯನ್ನೇ ನೋಡುತ್ತ ಕೂತಿದ್ದಳು. ಹಸಿದವರು ಬೇರೆಯವರ ತಟ್ಟೆ ನೋಡುವ ಹಾಗೆ ನೋಡುತ್ತಿದ್ದಳು. ಅದನ್ನು ನಾಣಿಗೆ ಹೇಳಿದೆ. ಅವನು ಜ್ವರದ ರಿಪೋರ್ಟು ಬಂತಾ ಎಂದು ಕೇಳಿದ.

ಆಸ್ಟ್ರೇಲಿಯಾದ ಮಾತು ತೆಗೆದವನು ವಿಲ್ಫ್ರೆಡ್. ಮಂಗಳೂರಿನವನು, ಎವರೆಟ್ಟಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್, ಮೊದಲು ಈಸ್ಟ್‌ಗೇಟ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವನು. ಎವರೆಟ್ಟಿಗೆ ಮನೆ ಬದಲಾಯಿಸಿದ ಮೇಲೂ ಶನಿವಾರ ನಮ್ಮ ಕಡೆ ಬರುವುದನ್ನು ಬಿಟ್ಟಿರಲಿಲ್ಲ. ಅವನ ಅತ್ತಿಗೆ ಎಲಿಜಬೆತ್ ಅಡಿಲೇಡಿನಲ್ಲಿ ನರ್ಸು. ಅಲ್ಲಿ ಲ್ಯಾಬಿನವರಿಗೆ ಬೇಡಿಕೆ ಉಂಟು, ಅರ್ಜಿ ಹಾಕಿ ನೋಡಿ ಎಂದು ಅವನು ಹೇಳಿದ್ದನ್ನು ನಾವೆಲ್ಲ ಕಾಫಿ ಜೊತೆ ಕುಡಿದು ಮರೆತೆವು. ವಸಂತಲಕ್ಷ್ಮಿ ಮರೆಯಲಿಲ್ಲ. ಮೈಸೂರಿನಿಂದ ಸರ್ಟಿಫಿಕೇಟು ತರಿಸಿದಳು, ಇಂಗ್ಲಿಷ್ ಪರೀಕ್ಷೆ ಬರೆದಳು, ಅಲ್ಲಿನವರು ಅವಳ ಓದನ್ನೂ ಅನುಭವವನ್ನೂ ಅಳೆದು ಒಪ್ಪಿದರು. ಎರಡು ಸಾವಿರದ ಹದಿಮೂರರ ವಸಂತದಲ್ಲಿ ಮೂವರಿಗೂ ವೀಸಾ ಬಂತು. ಅವಳ ಕೆಲಸಕ್ಕೆ ಸಿಕ್ಕ ವೀಸಾ ಅದು. ನಾಣಿಯೂ ಮೈತ್ರಿಯೂ ಅವಳ ಅವಲಂಬಿತರು. ಅವಳು ಅಲ್ಲಿ ಕಾಲಿಟ್ಟ ಮಾರನೇ ದಿನವೇ ಕೆಲಸ ಹುಡುಕಬಹುದಿತ್ತು. ಇದ್ದದ್ದು ಒಂದೇ ಕಟ್ಟಳೆ. ಮುಂದಿನ ಏಪ್ರಿಲ್ ಮುಗಿಯುವುದರೊಳಗೆ ಆ ನೆಲ ಮುಟ್ಟಬೇಕು, ಇಲ್ಲದಿದ್ದರೆ ವೀಸಾ ಹೋಯಿತು.

ನಾಣಿ ಕುಕ್ಕರಿಗೆ ಮಾಡಿದ್ದನ್ನೇ ಆಸ್ಟ್ರೇಲಿಯಾಕ್ಕೂ ಮಾಡಲು ಕೂತ.

ಎಲಿಜಬೆತ್‌ಗೆ ಫೋನ್ ಮಾಡಿ ಕೇಳು ಎಂದು ವಿಲ್ಫ್ರೆಡ್ ನಂಬರು ಕೊಟ್ಟ. ನಾಣಿ ಮಾಡಲಿಲ್ಲ. ಪರದೇಶಕ್ಕೆ ಹೋದವರು ಯಾರೂ ನಿಜ ಹೇಳುವುದಿಲ್ಲ ಎಂದು ಬಸ್ಸಿನಲ್ಲಿ ನನಗೆ ವಿವರಿಸಿದ. ಮೈಸೂರಿಗೆ ಫೋನ್ ಮಾಡಿದಾಗ ತಾನೇ ಅಮ್ಮನಿಗೆ ಏನು ಹೇಳುತ್ತೇನೆ? ಇಲ್ಲಿ ಎಲ್ಲ ಚೆನ್ನಾಗಿದೆ, ಮಳೆ ಏನೂ ಇಲ್ಲ, ವಸಂತಾ ಆರಾಮಾಗಿದ್ದಾಳೆ. ಕಿಟಕಿಯಾಚೆ ಆಗ ಮೂರು ವಾರದಿಂದ ಜಿಟಿಜಿಟಿ ಹಿಡಿದಿರುತ್ತದೆ. ಹಾಗಾದರೆ ನಿಜ ಎಲ್ಲಿ ಸಿಗುತ್ತದೆ ಎಂದು ಕೇಳಿದೆ.

"ಅವರ ಸಿನಿಮಾದಲ್ಲಿ ಕಣೋ. ಸಿನಿಮಾ, ಟೀವಿ ಸೀರಿಯಲ್ಲು. ತಮ್ಮ ಮನೆ ಜಗಳ ತಾವೇ ತೋರಿಸ್ಕೊಳ್ಳೋರು ಸುಳ್ಳು ಹೇಳಲ್ಲ."

ಕೇಳಲು ಚೆನ್ನಾಗಿತ್ತು, ನಾನೂ ತಲೆಯಾಡಿಸಿದೆ. ನಮ್ಮ ಸಿನಿಮಾ ನೋಡಿ ಯಾರಾದರೂ ಕರ್ನಾಟಕಕ್ಕೆ ಬಂದರೆ ಮರ ಸುತ್ತಿ ಹಾಡುವವರನ್ನು ಎಲ್ಲಿ ಹುಡುಕುತ್ತಾರೆ ಎಂದು ಆಗ ಹೊಳೆಯಲಿಲ್ಲ. ನನಗೂ ಆಸ್ಟ್ರೇಲಿಯಾ ಅಂದರೆ ಕ್ರಿಕೆಟ್ ಅಷ್ಟೆ. ಚಿಕ್ಕಂದಿನಲ್ಲಿ ಚಳಿಯ ಬೆಳಗಿನ ಜಾವ ಕಂಬಳಿ ಹೊದ್ದು ಟೀವಿ ಮುಂದೆ ಕೂತರೆ ಅಲ್ಲಿ ಸುಡುಬಿಸಿಲು, ಮೂಗಿಗೆ ಬಿಳಿ ಬಳಿದುಕೊಂಡ ಬೌಲರು, ನಮ್ಮವರ ವಿಕೆಟ್ಟು. ಅದಕ್ಕಿಂತ ಹೆಚ್ಚು ನನಗೇನೂ ತಿಳಿಯದು.

ನಮ್ಮ ಪೇಟೆಯ ಬೆಲ್ವ್ಯೂ ಲೈಬ್ರರಿಯಲ್ಲಿ ಡಿವಿಡಿಗಳು ಪುಕ್ಕಟೆ. ನಾಣಿ ಚೀಲ ತುಂಬ ತಂದ. ಶನಿವಾರ ಮಧ್ಯಾಹ್ನ ಅವನ ಮನೆಯಲ್ಲಿ ಪ್ರದರ್ಶನ. ನಾನು, ನನ್ನ ಹೆಂಡತಿ ಮಧುರಾ, ವಿಲ್ಫ್ರೆಡ್ ಖಾಯಂ ಪ್ರೇಕ್ಷಕರು. ಮಧುರಾ ಅಲ್ಲಿಗೆ ಬರುತ್ತಿದ್ದದ್ದು ವಸಂತಲಕ್ಷ್ಮಿಯ ಚುರುಮುರಿಗೆ. ಮಧುರಾಗೆ ತನ್ನದೇ ನೌಕರಿ, ತನ್ನದೇ ವೀಸಾ ಇತ್ತು, ಹಾಗಾಗಿ ನಾಣಿಯ ಈ ವ್ಯವಹಾರ ಅವಳಿಗೆ ಶುದ್ಧ ಮನರಂಜನೆ.

ಮೊದಲ ಸಿನಿಮಾದಲ್ಲಿ ಮರುಭೂಮಿಯ ನಡುವೆ ಒಂದು ಪೆಟ್ರೋಲ್ ಬಂಕು. ಗಂಡ ಹೆಂಡತಿ ಇಬ್ಬರೇ. ಎಲ್ಲಿ ನೋಡಿದರೂ ಕೆಂಪು ಮಣ್ಣು. ನೀರಿನ ಲಾರಿ ಬರಬೇಕು, ಬರುವುದಿಲ್ಲ. ಒಂದೂವರೆ ಗಂಟೆ ಅವರಿಬ್ಬರೂ ದಾರಿ ನೋಡುತ್ತಾರೆ, ನಾವೂ ನೋಡಿದೆವು. ಕೊನೆಗೂ ಲಾರಿ ಬಂದಾಗ ಹೆಂಡತಿ ಅದನ್ನೇ ಹತ್ತಿಕೊಂಡು ಹೊರಟುಹೋಗುತ್ತಾಳೆ. ನಾಣಿಗೆ ಹೆಂಡತಿ ಹೋದದ್ದು ಕಾಣಲಿಲ್ಲ, ನೀರು ಕಂಡಿತು. ಸೋಮವಾರ ಬಸ್ಸಿನಲ್ಲಿ, ಆ ದೇಶದಲ್ಲಿ ನೀರಿಲ್ಲ, ಹೋಗುವುದು ಬೇಡ ಎಂದ. ಬಸ್ಸು ಆಗ ಸರೋವರದ ಮೇಲಿತ್ತು.

ಮುಂದಿನ ವಾರ ಒಂದು ಟೀವಿ ಸೀರಿಯಲ್ಲು. ಅದರಲ್ಲಿ ಒಂದು ಬೀದಿ. ಆ ಬೀದಿಯ ಜನ ಒಬ್ಬರ ಮನೆಗೆ ಇನ್ನೊಬ್ಬರು ಹಿಂಬಾಗಿಲಿನಿಂದ ನುಗ್ಗುತ್ತಾರೆ, ಕೇಳದೆ ಫ್ರಿಜ್ ತೆಗೆಯುತ್ತಾರೆ, ಜಗಳವಾಡುತ್ತಾರೆ, ಅದೇ ಬೀದಿಯವರನ್ನೇ ಮದುವೆಯಾಗುತ್ತಾರೆ. ಸದಾ ಬಿಸಿಲು. ಹಿತ್ತಿಲಲ್ಲಿ ಸದಾ ಏನಾದರೂ ಸುಡುತ್ತಿರುತ್ತದೆ. ನಾಣಿಗೆ ಬೀದಿ ಇಷ್ಟವಾಯಿತು. ಇದು ನಮ್ಮ ಕುವೆಂಪುನಗರದ ಹಾಗೇ ಇದೆಯಲ್ಲ ಎಂದ. ಎರಡು ವಾರ ಅವನು ಆಸ್ಟ್ರೇಲಿಯಾಕ್ಕೆ ಹೋಗುವವನಾಗಿದ್ದ. ಆಮೇಲೆ ಮತ್ತೆ ಅನುಮಾನ ಹತ್ತಿತು. ಇಷ್ಟು ಜನ ಬಂದು ಹೋಗುವ ಬೀದಿಯಲ್ಲಿ ನಮ್ಮವನು ಒಬ್ಬನೂ ಇಲ್ಲವಲ್ಲ, ಯಾಕೆ? ಯಾರೋ ಹೊಸ ಕಂತುಗಳಲ್ಲಿ ಒಂದು ಭಾರತೀಯ ಕುಟುಂಬ ಬರುತ್ತದೆ ಎಂದರು. ನಾಣಿ ಆ ಡಿವಿಡಿ ಹುಡುಕಲು ಸಿಯಾಟಲಿನ ಎಲ್ಲ ಲೈಬ್ರರಿಗೂ ಹೋದ. ಆ ಕುಟುಂಬ ಬಂತೋ ಇಲ್ಲವೋ ಇವತ್ತಿಗೂ ನಮಗೆ ತಿಳಿಯದು.

ಆಸ್ಪತ್ರೆಯ ಸೀರಿಯಲ್ಲೂ ಒಂದು ಬಂತು. ಪುಟ್ಟ ವಿಮಾನದಲ್ಲಿ ಡಾಕ್ಟರು ಹಳ್ಳಿ ಹಳ್ಳಿಗೆ ಹಾರಿ ಹೋಗುವ ಕಥೆ. ವಿಲ್ಫ್ರೆಡ್ ಆ ವಿಮಾನದ ರೆಕ್ಕೆಯ ಬಗ್ಗೆ ಮಾತಾಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ವಸಂತಲಕ್ಷ್ಮಿ ಇದ್ದಕ್ಕಿದ್ದಂತೆ, ರಕ್ತದ ಟ್ಯೂಬನ್ನು ಹಾಗೆ ಕುಲುಕಬಾರದು, ಕಣಗಳು ಒಡೆದುಹೋಗುತ್ತವೆ ಎಂದಳು. ತೆರೆಯ ಮೇಲೆ ನರ್ಸು ಟ್ಯೂಬನ್ನು ಔಷಧಿ ಬಾಟಲಿಯಂತೆ ಅಲ್ಲಾಡಿಸುತ್ತಿದ್ದಳು. ಕಥೆ ನೋಡು ವಸಂತಾ ಎಂದ ನಾಣಿ. ಅವಳು ಒಳಗೆ ಹೋದಳು. ಆವತ್ತು ಕಾಫಿಗೆ ಸಕ್ಕರೆ ಬಿದ್ದಿರಲಿಲ್ಲ, ಯಾರೂ ಕೇಳಲಿಲ್ಲ.

ಚಳಿಗಾಲ ಬಂದ ಹಾಗೆ ನಾಣಿ ಇತಿಹಾಸಕ್ಕೆ ಇಳಿದ. ಅಲ್ಲಿಂದ ನಮಗೆಲ್ಲ ತಲೆಬುಡ ತಿಳಿಯದಾಯಿತು. ಒಂದು ಸಿನಿಮಾದಲ್ಲಿ ಲಂಡನ್ನಿನ ಹುಡುಗಿಯೊಬ್ಬಳು ಒಂದು ತುಂಡು ಬಟ್ಟೆ ಕದ್ದಳೆಂದು ಸಂಕೋಲೆ ತೊಡಿಸಿ ಹಡಗು ಹತ್ತಿಸುತ್ತಾರೆ. ಆ ನೆಲದಲ್ಲಿ ಕಲ್ಲು ಹೊರುತ್ತಾಳೆ. ಶಿಕ್ಷೆ ಮುಗಿದ ದಿನ, ಬೇಕಿದ್ದರೆ ವಾಪಸು ಹೋಗು ಎಂದರೆ ಒಲ್ಲೆ ಎನ್ನುತ್ತಾಳೆ. ಕಳ್ಳರನ್ನು ತುಂಬಿದ ದೇಶ ಎಂದು ನಾಣಿ ತೀರ್ಮಾನಿಸುವಷ್ಟರಲ್ಲಿ ವಿಲ್ಫ್ರೆಡ್, ಕದ್ದದ್ದು ಒಂದು ತುಂಡು ಬಟ್ಟೆ ಮಾರಾಯ, ಕಳಿಸಿದವರು ಕದ್ದದ್ದು ಒಂದು ಖಂಡ ಎಂದ.

ಆಮೇಲೆ ಯುದ್ಧದ ಸಿನಿಮಾ. ಆ ದೇಶದ ಹುಡುಗರು ಇಂಗ್ಲೆಂಡಿಗಾಗಿ ಟರ್ಕಿಯ ಕಡಲತೀರದಲ್ಲಿ ಇಳಿದು, ಏರು ಹತ್ತಲಾಗದೆ ಸಾಲುಸಾಲಾಗಿ ಸಾಯುತ್ತಾರೆ. ಕೊನೆಗೆ ಹಿಂದಿರುಗುತ್ತಾರೆ. ಗೆದ್ದವರು ಅವರಲ್ಲ. ಆದರೂ ಪ್ರತಿ ವರ್ಷ ಅವರು ಅಲ್ಲಿ ಇಳಿದ ದಿನ ಊರೂರಲ್ಲಿ ಬೆಳಗಿನ ಜಾವ ಎದ್ದು ನಿಂತು ನೆನೆಯುತ್ತಾರಂತೆ. ಸೋತ ಯುದ್ಧವನ್ನು ಹೀಗೆ ತಲೆಯ ಮೇಲೆ ಹೊತ್ತುಕೊಳ್ಳುವ ಜನ ಎಂಥವರು ಎಂದು ನಾಣಿ ನನ್ನನ್ನು ಕೇಳಿದ. ನನಗೆ ಆ ಹುಡುಗರ ಮುಖ ನೋಡಿ ಅಳು ಬಂದಿತ್ತು, ಅದನ್ನು ಮರೆಮಾಡಲು ಖಾರ ಹೆಚ್ಚಾಯಿತು ಎಂದು ಚುರುಮುರಿಯನ್ನು ದೂರಿದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಎಬ್ಬಿಸಿದ್ದು ಒಂದು ಸಾಕ್ಷ್ಯಚಿತ್ರ. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಸರಕಾರದವರು ತಾಯಂದಿರಿಂದ ಕಿತ್ತುಕೊಂಡು ಬೋರ್ಡಿಂಗುಗಳಲ್ಲಿ ಇಟ್ಟಿದ್ದರು. ಅಂಥ ಮಗಳೊಬ್ಬಳು, ಈಗ ಮುದುಕಿ, ತನ್ನನ್ನು ಹತ್ತಿಸಿಕೊಂಡು ಹೋದ ಕಾರಿನ ಬಣ್ಣ ಹೇಳುತ್ತಾಳೆ, ಅಮ್ಮನ ಮುಖ ಮಾತ್ರ ನೆನಪಿಲ್ಲ ಎನ್ನುತ್ತಾಳೆ. ಕೊನೆಯಲ್ಲಿ ಆ ದೇಶದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆ ಕೇಳುತ್ತಾನೆ. ಜನ ಅಳುತ್ತಾರೆ. ವಸಂತಲಕ್ಷ್ಮಿ ಚೂಡಿದಾರದ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. ಮೈತ್ರಿ ಎಂದಿನಂತೆ ಇಂಗ್ಲಿಷಿನಲ್ಲಿ, ನಾವು ಅಲ್ಲಿಗೆ ಹೋದರೆ ಯಾರ ಮನೆಗೆ ಹೋದ ಹಾಗೆ ಎಂದು ಅಪ್ಪನನ್ನು ಕೇಳಿದಳು. ನಾಣಿ ನನ್ನ ಮುಖ ನೋಡಿದ. ನಾನು ವಿಲ್ಫ್ರೆಡ್‌ನ ಮುಖ ನೋಡಿದೆ. ಸಿಯಾಟಲ್ ಎಂಬ ಈ ಊರಿನ ಹೆಸರೇ ಇಲ್ಲಿನ ಮೂಲದವರ ನಾಯಕನೊಬ್ಬನದು, ಇಲ್ಲಿ ಮನೆ ಹಿಡಿಯುವಾಗ ನಾವು ಯಾರಾದರೂ ಹಾಗೆ ಕೇಳಿದ್ದೆವೇ ಎಂದು ಮಧುರಾ ಅಂದಮೇಲೆ ಎಲ್ಲರೂ ಕಾಫಿ ಲೋಟಗಳನ್ನು ಹುಡುಕತೊಡಗಿದೆವು.

ಮಾರನೇ ವಾರವಿಡೀ ನಾಣಿ ಬಸ್ಸಿನಲ್ಲಿ ಅದನ್ನೇ ಮಥಿಸಿದ. ಕ್ಷಮೆ ಕೇಳಿದ ದೇಶ ಒಳ್ಳೆಯದೋ, ಕ್ಷಮೆ ಕೇಳಬೇಕಾದಂಥದ್ದನ್ನು ಮಾಡಿದ ದೇಶ ಕೆಟ್ಟದ್ದೋ? ಹತ್ತುವಾಗ ಒಳ್ಳೆಯದು ಎಂದರೆ ಇಳಿಯುವಾಗ ಕೆಟ್ಟದ್ದು. ಅವನ ಮಾತು ಕೇಳಿ ಕೇಳಿ ನನಗೂ ಹಾಗೇ ಆಯಿತು. ಆಫೀಸಿನಲ್ಲಿ ಊಟಕ್ಕೆ ಕೂತಾಗ ತೆಲುಗಿನ ಗೆಳೆಯನೊಬ್ಬ, ನಿಮ್ಮ ನಾಣಿ ಹೊರಟನಾ ಎಂದು ಕೇಳಿದರೆ ಇವತ್ತು ಯಾವ ವಾರ ಎಂದು ನೆನಪಿಸಿಕೊಂಡು ಉತ್ತರ ಕೊಡಬೇಕಾಗುತ್ತಿತ್ತು. ಇಷ್ಟು ಮೀನಮೇಷ ಎಣಿಸುವವನಿಗೆ ವೀಸಾ ಯಾಕೆ ಬೇಕಿತ್ತು ಎಂದು ಒಮ್ಮೆ ಬಾಯಿಬಿಟ್ಟು ರೇಗಿದೆ. ಅವನು ನೊಂದುಕೊಳ್ಳಲಿಲ್ಲ.

"ನೀನು ಹೇಳು, ಯಾವ ಸಿನಿಮಾ ನಿಜ?"

ಎಲ್ಲಾನೂ ನಿಜ ಇರಬಹುದು ಎಂದೆ. ಅದು ಸಾಧ್ಯವಿಲ್ಲ ಎಂದ. ಒಂದೇ ದೇಶ ಇಷ್ಟು ಥರ ಹೇಗಿರುತ್ತದೆ?

ಹೀಗೆ ಫೆಬ್ರವರಿ ಮುಗಿಯುತ್ತ ಬಂತು. ಏಪ್ರಿಲ್ ಹತ್ತಿರವಿತ್ತು. ನಾಣಿ ಟಿಕೆಟಿನ ಮಾತೂ ಎತ್ತಿರಲಿಲ್ಲ, ಆಫೀಸಿನಲ್ಲೂ ಹೇಳಿರಲಿಲ್ಲ. ಆ ಶನಿವಾರ ಹಾಕಿದ್ದು ಹಳೆಯ ಕಾಲದ ಒಂದು ಬಂದರಿನ ಸೀರಿಯಲ್ಲು. ಹೊರದೇಶದಿಂದ ಹಡಗಿನಲ್ಲಿ ಬಂದವನೊಬ್ಬ ಮೇಜಿನ ಮುಂದೆ ಕೂರುತ್ತಾನೆ. ಅಧಿಕಾರಿ ಒಂದು ಪ್ಯಾರಾ ಓದುತ್ತಾನೆ, ಅವನು ಉಕ್ತಲೇಖನ ಬರೆಯಬೇಕು. ಬರೆದರೆ ಒಳಗೆ ಬಿಡುತ್ತಾರೆ. ಆ ಮನುಷ್ಯನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಬರೆದುಬಿಡುತ್ತಾನೆ. ಅಧಿಕಾರಿ ನಕ್ಕು, ಇನ್ನೊಂದು ಪ್ಯಾರಾ ತೆಗೆದು ಅವನು ಹುಟ್ಟಿದಾರಭ್ಯ ಕೇಳದ ಭಾಷೆಯಲ್ಲಿ ಓದುತ್ತಾನೆ. ಬಿಳಿಯರಲ್ಲದವರು ಬಾರದಿರಲಿ ಎಂದು ಆ ದೇಶ ಹಿಂದೆ ಇಂಥ ಪರೀಕ್ಷೆ ಇಟ್ಟಿತ್ತು, ಅದು ನಿಂತು ಬಹಳ ಕಾಲವಾಯಿತು ಎಂದು ತೆರೆಯ ಕೆಳಗೆ ಅಕ್ಷರಗಳಲ್ಲಿ ಬಂತು.

ನಾಣಿ ರಿಮೋಟ್ ಒತ್ತಿ ನಿಲ್ಲಿಸಿದ. ಅವನ ಮುಖ ಕೆಂಪಾಗಿತ್ತು. ಜೀವನವಿಡೀ ಟೆಸ್ಟ್ ಮಾಡಿದವನು ತಾನು, ಫೇಲಾಗಲಿ ಎಂದೇ ಮಾಡಿದ ಟೆಸ್ಟನ್ನು ಎಲ್ಲೂ ನೋಡಿರಲಿಲ್ಲ ಎಂದ. ಹಿಂದೆ ಮಾಡಿದವರು ಮುಂದೆ ಮಾಡುವುದಿಲ್ಲ ಎಂದು ಏನು ಗ್ಯಾರಂಟಿ? ಇಲ್ಲಿ ಗ್ರೀನ್ ಕಾರ್ಡಿನ ಸಾಲು ಉದ್ದವಿದ್ದರೂ ಸಾಲು ಅಂತ ಒಂದಿದೆ. ಆಯಿತು, ಮುಗಿಯಿತು, ಆಸ್ಟ್ರೇಲಿಯಾ ಬೇಡ, ಏಪ್ರಿಲ್ ಹೋದರೆ ಹೋಗಲಿ. ಎಷ್ಟೋ ತಿಂಗಳ ನಂತರ ಅವನ ದನಿಯಲ್ಲಿ ಒಂದು ನಿರಾಳ ಕೇಳಿಸಿತು. ನಮಗೂ ಅಬ್ಬ ಎನಿಸಿತು, ಒಂದು ಕಡೆ ನಿಂತನಲ್ಲ.

ವಸಂತಲಕ್ಷ್ಮಿ ಕಾಫಿ ತಂದಿದ್ದಳು. ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಅಡುಗೆಮನೆಗೆ ಹೋಗಲಿಲ್ಲ. ಕಾರ್ಪೆಟ್ಟಿನ ಮೇಲೆ ಮೈತ್ರಿಯ ಪಕ್ಕ ಕೂತಳು. ಅಷ್ಟು ಶನಿವಾರಗಳಲ್ಲಿ ಅವಳು ನಮ್ಮ ಜೊತೆ ಕೂತದ್ದು ಅದೇ ಮೊದಲು ಎಂದು ನನಗೆ ಆಗ ಹೊಳೆಯಿತು.

"ರೀ, ಒಂದ್ ಕೇಳ್ತೀನಿ. ಅಮೆರಿಕಾಗೆ ಬರೋ ಮುಂಚೆ ನೀವು ಎಷ್ಟು ಸಿನಿಮಾ ನೋಡಿದ್ರಿ?"

ನಾಣಿಗೆ ಪ್ರಶ್ನೆ ತಿಳಿಯಲಿಲ್ಲ. ಯಾವ ಸಿನಿಮಾ ಎಂದ.

"ಇಲ್ಲಿನ ಸಿನಿಮಾ. ಇಲ್ಲಿ ಯಾರು ಯಾರನ್ನ ಮಾರಿದ್ರು, ಯಾರ ಜಮೀನು ಕಿತ್ಕೊಂಡ್ರು, ನೀರಿದೆಯಾ, ಪಕ್ಕದ ಮನೆಯೋರು ಮಾತಾಡಿಸ್ತಾರಾ. ಏನ್ ನೋಡಿದ್ರಿ? ಒಂದೂ ಇಲ್ಲ. ಆಫರ್ ಬಂತು, ಹೊರಟ್ವಿ. ನಾನು ಲ್ಯಾಬಿಗೆ ರಾಜೀನಾಮೆ ಕೊಟ್ಟು ಎರಡು ವಾರಕ್ಕೆ ಪ್ಯಾಕ್ ಮಾಡಿದೆ. ಆಗ ಕೆಲಸ ನಿಮ್ದಾಗಿತ್ತು."

ಅವಳು ದನಿ ಎತ್ತರಿಸಲಿಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. ಟೀವಿಯಲ್ಲಿ ಆ ಅಧಿಕಾರಿ ಬಾಯಿ ತೆರೆದು ನಿಂತೇ ಇದ್ದ. ವಿಲ್ಫ್ರೆಡ್ ಕಾರ್ಪೆಟ್ಟಿನ ಹೂವು ನೋಡುತ್ತಿದ್ದ. ಎದ್ದು ಹೋಗಬೇಕೋ ಕೂತಿರಬೇಕೋ ನನಗೆ ತಿಳಿಯದೆ ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡೆ.

ನಾಣಿ ಬಹಳ ಹೊತ್ತು ರಿಮೋಟಿನ ಗುಂಡಿಗಳನ್ನು ಸವರಿದ. ಆಮೇಲೆ ಇಷ್ಟು ತಿಂಗಳು ಯಾವ ಸಿನಿಮಾದ ಬಗ್ಗೆಯೂ ಆಡದ ಮಾತನ್ನು ಆಡಿದ.

"ಅಲ್ಲಿ ನಂಗೆ ಕೆಲಸ ಸಿಗದೇ ಹೋದ್ರೆ ವಸಂತಾ?"

"ಸಿಗೋ ತನಕ ಮನೇಲಿರಿ" ಎಂದಳು. "ನಾನಿರ್ಲಿಲ್ವಾ?"

ಸಿಟ್ಟು ಬರುತ್ತಿದ್ದ ನನಗೆ ಆ ಗಳಿಗೆಯಲ್ಲಿ ಅವನನ್ನು ನೋಡಿ ಕನಿಕರವಾಯಿತು. ಎಲ್ಲೆಲ್ಲೋ ಬಿರುಕು ಹುಡುಕಿಕೊಂಡು ಹೊರಟವನಿಗೆ ಅದು ತನ್ನಲ್ಲೇ ಇತ್ತು, ಮತ್ತು ಅದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತೋ ಆಗಷ್ಟೇ ಗೊತ್ತಾಯಿತೋ, ನಾನು ಈಗಲೂ ಹೇಳಲಾರೆ. ನಾವು ಮೂವರೂ ಚಪ್ಪಲಿ ಮೆಟ್ಟಿಕೊಂಡು ಹೊರಟೆವು. ಮೆಟ್ಟಿಲು ಇಳಿಯುವಾಗ ವಿಲ್ಫ್ರೆಡ್, ಇದನ್ನು ವಸಂತಕ್ಕ ಮೊದಲೇ ಕೇಳಬಹುದಿತ್ತಲ್ಲ ಎಂದು ಗೊಣಗಿದ. ಅವಳನ್ನು ಯಾರಾದರೂ ಕೇಳಿದ್ದರೆ ತಾನೇ ಅವಳು ಹೇಳುವುದು ಎಂದು ಮಧುರಾ ತನ್ನನ್ನೂ ಸೇರಿಸಿಕೊಂಡು ಮೂವರಿಗೂ ಅಂದಳು.

ಏಪ್ರಿಲ್ ಎರಡನೇ ವಾರ ಅವರು ಹೊರಟರು. ನಾಣಿ ಆಫೀಸಿನಲ್ಲಿ ರಜೆ ಕೇಳಲಿಲ್ಲ, ರಾಜೀನಾಮೆ ಕೊಟ್ಟ. ಎಲ್ಲರಿಗೂ ಆಶ್ಚರ್ಯ. ರಜೆ ಹಾಕಿ ಹೋಗಿ ನೆಲ ಮುಟ್ಟಿ ಬಾ, ಆಮೇಲೆ ನೋಡಿಕೊಂಡರಾಯಿತು ಎಂದು ನಾನೇ ಬುದ್ಧಿ ಹೇಳಿದ್ದೆ. ಹಾಗೆ ಮಾಡಿದರೆ ತಾನು ಮತ್ತೆ ಯೋಚನೆ ಮಾಡುತ್ತೇನೆ, ಅದಕ್ಕೇ ಬೇಡ ಎಂದ. ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ದಾರಿಯುದ್ದಕ್ಕೂ ವಸಂತಲಕ್ಷ್ಮಿ ಮಾತಾಡಿದಳು. ಮೈಸೂರಿನ ಲ್ಯಾಬಿನ ಕಥೆಗಳು, ಅಲ್ಲಿನ ಒಬ್ಬ ಸಿಡುಕು ಡಾಕ್ಟರು, ತಪ್ಪು ಹೆಸರು ಬರೆದುಕೊಂಡು ಬರುತ್ತಿದ್ದ ಟ್ಯೂಬುಗಳು. ಇಷ್ಟು ವರ್ಷದಲ್ಲಿ ಅವಳಿಂದ ಇದರಲ್ಲಿ ಒಂದನ್ನೂ ನಾವು ಕೇಳಿರಲಿಲ್ಲ. ನಾಣಿ ಕಿಟಕಿಯ ಪಕ್ಕ ಕೂತು ಹಿಂದೆ ಸರಿಯುವ ಫರ್ ಮರಗಳನ್ನು ನೋಡುತ್ತಿದ್ದ.

ಅವರು ಎಲಿಜಬೆತ್‌ರ ಊರಿಗೇ, ಅಡಿಲೇಡಿಗೆ ಹೋದರು. ವಸಂತಲಕ್ಷ್ಮಿಗೆ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮೊದಲು ಸಣ್ಣ ಹುದ್ದೆ, ಆದರೆ ಕೈಗವಸು ತೊಟ್ಟು ನಿಲ್ಲುವ ಕೆಲಸ. ನಾಣಿಗೆ ಸಿಗಲಿಲ್ಲ. ಅರ್ಜಿ ಹಾಕುತ್ತಿದ್ದ, ಇಂಟರ್‌ವ್ಯೂ ಆಗುತ್ತಿತ್ತು, ಆಸ್ಟ್ರೇಲಿಯಾದ ಅನುಭವ ಬೇಕಿತ್ತು ಎನ್ನುತ್ತಿದ್ದರು.

ಜುಲೈನಲ್ಲಿ ಒಂದು ಸಂಜೆ ಅವನ ಫೋನ್ ಬಂತು. ಇಲ್ಲಿ ಆಗ ಒಂಬತ್ತು ಗಂಟೆಯವರೆಗೂ ಬೆಳಕಿರುತ್ತದೆ. ನಾನು ಬಾಲ್ಕನಿಯಲ್ಲಿದ್ದೆ. ಅವನಲ್ಲಿ ಮರುದಿನದ ಮಧ್ಯಾಹ್ನವಂತೆ, ಚಳಿಯಂತೆ, ಮಳೆಯಂತೆ. ಆಸ್ಟ್ರೇಲಿಯಾ ಹೇಗಿದೆ ಎಂದು ಕೇಳಿದೆ. ಅವನಿಗೆ ಏನೂ ಅರ್ಥವಾಗುತ್ತಿಲ್ಲವಂತೆ. ಕೆಂಪು ಮಣ್ಣು ಕಂಡಿಲ್ಲ, ಪಕ್ಕದ ಮನೆಯವರು ಹಿಂಬಾಗಿಲಿನಿಂದ ಬಂದಿಲ್ಲ, ಯಾರೂ ಉಕ್ತಲೇಖನ ಬರೆಸಿಲ್ಲ. ಎದುರಿಗೆ ಒಬ್ಬ ಪಂಜಾಬಿ, ಮೇಲೆ ಒಬ್ಬ ಗ್ರೀಕ್ ಮುದುಕಿ, ಮೂಲೆಯಲ್ಲಿ ಒಂದು ಬೇಕರಿ. ನೋಡಿದ ಅಷ್ಟೂ ಸಿನಿಮಾದಲ್ಲಿ ಈ ಬೀದಿ ಎಲ್ಲೂ ಇರಲಿಲ್ಲ ಎಂದ.

ಫೋನ್ ಇಡುತ್ತಾನೇನೋ ಎಂದುಕೊಂಡೆ, ಇಡಲಿಲ್ಲ. ಪಾತ್ರೆ ತೊಳೆದಾಯಿತು, ಬಟ್ಟೆ ಮಡಿಸಿಟ್ಟಾಯಿತು, ಮೈತ್ರಿ ಸ್ಕೂಲಿನಿಂದ ಬರುವುದು ಇನ್ನೂ ತಡ, ವಸಂತಾ ಬರುವುದು ಅದಕ್ಕಿಂತ ತಡ ಎಂದ. ಅವಳು ಬಂದ ಕೂಡಲೇ ಇವತ್ತು ಏನೇನಾಯಿತು ಎಂದು ಕೇಳುತ್ತಾನಂತೆ, ಅವಳಿಗೆ ಸುಸ್ತಾಗಿರುತ್ತದಂತೆ, ಆಮೇಲೆ ಹೇಳ್ತೀನಿ ಎನ್ನುತ್ತಾಳಂತೆ.

"ಮಧ್ಯಾಹ್ನ ಇಷ್ಟು ಉದ್ದ ಇರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೋ" ಎಂದ. "ಏಳು ವರ್ಷ ಹೀಗೇ ಇದ್ಲಲ್ಲ ಅಲ್ಲಿ. ಒಂದಿನಾದ್ರೂ ನಂಗೆ ಹೇಳ್ಬಾರ್ದಿತ್ತಾ?"

ಆ ಕಡೆ ಮಳೆಯ ಸದ್ದು ಕೇಳುತ್ತಿತ್ತು.

"ಹೇಳಿದ್ಲೇನೋ" ಎಂದ ನಾಣಿ.